ಪರಗ್ರಹ ವಾಸಕ್ಕೆ ಬೇಸಾಯದ ದಾರಿ

ಮನುಷ್ಯ ಬೇರೊಂದು ಗ್ರಹಕ್ಕೆ ಹೋಗಿ ನೆಲೆಸಬಹುದೇ? ಈ ಪ್ರಶ್ನೆ ಬಂದಾಗ ನಮ್ಮ ಗಮನ ಮೊದಲು ಹರಿಯುವುದು ರಾಕೆಟ್ಟಿನ ಕಡೆಗೆ. ಆದರೆ ಅಲ್ಲಿಗೆ ತಲಪುವುದು ಒಂದು ಸಮಸ್ಯೆ, ಅಲ್ಲಿ ಬದುಕುವುದು ಇನ್ನೊಂದು. ಎರಡನೆಯದಕ್ಕೆ ತಂತ್ರವಿದ್ಯೆಯ ಜೊತೆಗೆ ಬೇಸಾಯವೂ ಬೇಕು. ಬೆಳಗಾವಿ ಬಳಿಯ ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಅಲ್ಲಿಂದ ನೂರು ಕಿ.ಮೀ. ಒಳಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯವಿದೆ. 2025ರಲ್ಲಿ ಬಾಹ್ಯಾಕಾಶಕ್ಕೆ ಕಾಳು ಕಳುಹಿಸಿದ್ದು ಈ ಕೃಷಿ ವಿಶ್ವವಿದ್ಯಾಲಯ. ಅಂಥ ಪ್ರಯತ್ನಕ್ಕೆ ಅರ್ಧ ಶತಮಾನದ ಇತಿಹಾಸವಿದೆ.

1971ರಲ್ಲಿ ಸೋವಿಯತ್ ಒಕ್ಕೂಟದ ಸಲ್ಯೂತ್-1 ನಿಲ್ದಾಣದಲ್ಲಿ 'ಓಯಸಿಸ್' ಎಂಬ ಪುಟ್ಟ ಸಾಧನದೊಳಗೆ ಅಗಸೆ ಮೊದಲಾದ ಸಸಿಗಳನ್ನು ಬೆಳೆಸಲಾಯಿತು. ಅವನ್ನು ನೋಡಿಕೊಂಡ ಪತ್ಸಾಯೆವ್ ಮತ್ತು ಅವರ ಇಬ್ಬರು ಸಂಗಡಿಗರು ಜೂನ್ 30ರಂದು ಮರಳುವಾಗ, ನೌಕೆಯ ಗಾಳಿ ಸೋರಿ ಮಡಿದರು. 1982ರಲ್ಲಿ ಸಲ್ಯೂತ್-7ರಲ್ಲಿ ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಹೂಬಿಟ್ಟು ಬೀಜ ಕಟ್ಟಿತು. 2015ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಬೆಳೆದ ಲೆಟ್ಯೂಸ್ ಸೊಪ್ಪನ್ನು ಗಗನಯಾತ್ರಿಗಳು ತಿಂದರು. ಈ ಬೆಳವಣಿಗೆ ಏಕೆ ಇಷ್ಟು ನಿಧಾನ? ತೂಕರಹಿತ ಸ್ಥಿತಿಯಲ್ಲಿ ನೀರು ಕೆಳಗಿಳಿಯದೆ ಬೇರಿಗೆ ಅಂಟಿಕೊಳ್ಳುತ್ತದೆ; ಬೇರಿಗೆ ಆಕ್ಸಿಜನ್ ಸಿಗದೆ ಗಿಡ ಸೊರಗುತ್ತದೆ.

ಭೂಮಿಯ ಮೇಲೂ ಒಂದು ಪರೀಕ್ಷೆ ನಡೆಯಿತು. 1991ರಲ್ಲಿ ಅಮೆರಿಕದ ಅರಿಜೋನಾದ 'ಬಯೋಸ್ಫಿಯರ್-2' ಎಂಬ ಮುಚ್ಚಿದ ಗಾಜಿನ ಮನೆಗೆ ಎಂಟು ಜನ ಎರಡು ವರ್ಷದ ವಾಸಕ್ಕೆ ಹೋದರು. ಒಳಗೇ ಬೆಳೆದು ಉಣ್ಣಬೇಕಿತ್ತು. ಸುಮಾರು 16 ತಿಂಗಳಲ್ಲಿ ಆಕ್ಸಿಜನ್ ಪ್ರಮಾಣ ಶೇ. 20.9ರಿಂದ 14.5ಕ್ಕೆ ಇಳಿಯಿತು. ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಬಳಸಿ ಕಾರ್ಬನ್ ಡೈಆಕ್ಸೈಡ್ ಬಿಟ್ಟವು. ಅದರ ಒಂದು ಪಾಲನ್ನು ಕಟ್ಟಡದ ಕಾಂಕ್ರೀಟು ಹೀರಿತು. ಕೊನೆಗೆ ಹೊರಗಿನಿಂದ ಆಕ್ಸಿಜನ್ ತುಂಬಬೇಕಾಯಿತು.

ಮಂಗಳ ಗ್ರಹದಲ್ಲಿ ಈ 'ಹೊರಗು' ಇಲ್ಲ. ಅಲ್ಲಿಯ ವಾಯುಒತ್ತಡ ಭೂಮಿಯದರ ಶೇ. 1ಕ್ಕಿಂತ ಕಡಿಮೆ, ಗಾಳಿಯ ಶೇ. 95 ಭಾಗ ಕಾರ್ಬನ್ ಡೈಆಕ್ಸೈಡ್. ಮಣ್ಣಿನಲ್ಲಿ ವಿಷಕಾರಿ ಪರ್ಕ್ಲೋರೇಟ್ ಲವಣಗಳಿರುವುದನ್ನು 2008ರಲ್ಲಿ ಫೀನಿಕ್ಸ್ ನೌಕೆ ಪತ್ತೆ ಮಾಡಿತು. 2021-23ರಲ್ಲಿ 'ಮಾಕ್ಸಿ' ಉಪಕರಣ ಅಲ್ಲಿಯ ಗಾಳಿಯಿಂದ ಒಟ್ಟು 122 ಗ್ರಾಂ ಆಕ್ಸಿಜನ್ ತಯಾರಿಸಿತು. ಒಬ್ಬ ಮನುಷ್ಯನಿಗೆ ಅದು ಸುಮಾರು ಮೂರೂವರೆ ಗಂಟೆಗೆ ಸಾಕು. ಪ್ರಯಾಣಕ್ಕೆ ಅನುಕೂಲ ಕಾಲ ಒದಗುವುದು 26 ತಿಂಗಳಿಗೊಮ್ಮೆ. ಆದ್ದರಿಂದ ಆಹಾರ ಮುಗಿದರೆ ತಕ್ಷಣ ಕಳುಹಿಸುವಂತಿಲ್ಲ.

ಧಾರವಾಡದ ಪ್ರಯೋಗದ ಮಹತ್ವ ಇಲ್ಲಿದೆ. ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ರೂಪಿಸಿದ ಈ ಪ್ರಯೋಗದಲ್ಲಿ, 2025ರ ಜೂನ್-ಜುಲೈನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಹೆಸರುಕಾಳು, ಮೆಂತೆಗಳಿಗೆ ನೀರುಣಿಸಿ ಮೊಳಕೆ ಬರಿಸಿದರು. ಮೊಳಕೆಗೆ ಮಣ್ಣು ಬೇಡ, ಕೆಲವೇ ದಿನ ಸಾಕು. ದೀರ್ಘಕಾಲ ಕೂಡಿಟ್ಟ ಆಹಾರದಲ್ಲಿ ಜೀವಸತ್ವಗಳು ಕುಂದುತ್ತವೆ. ಮೊಳಕೆಯಲ್ಲಿ 'ಸಿ' ಜೀವಸತ್ವ ಹೊಸದಾಗಿ ಹುಟ್ಟುತ್ತದೆ.

ಆದರೆ ಒಂದನ್ನು ಮರೆಯಬಾರದು. ಮೊಳಕೆ ಕಾಳಿನಲ್ಲಿದ್ದ ದಾಸ್ತಾನನ್ನೇ ಖರ್ಚು ಮಾಡುತ್ತದೆ. ಒಟ್ಟು ಆಹಾರ ಹೆಚ್ಚುವುದಿಲ್ಲ. ಪ್ರಯಾಣಿಕನಿಗೆ ಅದು ಸಾಕಾಗಬಹುದು, ನೆಲೆಸುವವನಿಗೆ ಸಾಲದು. ಅವನಿಗೆ ಬೀಜದಿಂದ ಗಿಡ, ಗಿಡದಿಂದ ಮತ್ತೆ ಬೀಜ ಎಂಬ ಚಕ್ರ ಭೂಮಿಯ ನೆರವಿಲ್ಲದೆ ತಲೆಮಾರುಗಳ ಕಾಲ ತಿರುಗಬೇಕು. ರಾಕೆಟ್ ಮಂಗಳ ಮುಟ್ಟಬಲ್ಲದೆಂದು 2014ರಲ್ಲಿ ನಮ್ಮ ಮಂಗಳಯಾನವೇ ತೋರಿಸಿದೆ. ವಸತಿಯ ದಿನವನ್ನು ನಿರ್ಧರಿಸುವುದು ಈ ಚಕ್ರ.