ಚಳಿಗಾಲದಲ್ಲಿ ಸಾಕುಪ್ರಾಣಿಗಳ ರಕ್ಷಣೆ

ನಾಯಿ, ಬೆಕ್ಕು ಮೊದಲಾದ ಸಾಕುಪ್ರಾಣಿಗಳ ಮೈಶಾಖ ಕುಸಿಯದಂತೆ, ಚಳಿಯ ಜೊತೆಗೆ ಬರುವ ಅಪಾಯಗಳು ತಟ್ಟದಂತೆ ನೋಡಿಕೊಳ್ಳುವ ಆರೈಕೆ. ತುಪ್ಪಳವಿದ್ದ ಮೇಲೆ ಚಳಿಯಾಗದು ಎಂಬ ನಂಬಿಕೆ ತಪ್ಪು. ತುಪ್ಪಳ ಬೆಚ್ಚಗಿಡುವುದು ಕೂದಲುಗಳ ನಡುವೆ ನಿಂತ ಗಾಳಿಯಿಂದ. ನೆನೆದರೆ ಆ ಗಾಳಿಯ ಪದರ ಉಳಿಯುವುದಿಲ್ಲ. ಆದ್ದರಿಂದ ಒಣಗಿದ, ಗಾಳಿ ಬಡಿಯದ ಜಾಗವೇ ಈ ಆರೈಕೆಯ ಬುನಾದಿ.

ಮೈಶಾಖದ ನಿರ್ವಹಣೆ

ನಾಯಿ–ಬೆಕ್ಕುಗಳ ಸಹಜ ಮೈಶಾಖ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಚಳಿಯಾದಾಗ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ. ನಾಯಿಯ ಪಾದದಲ್ಲಿ ಅಪಧಮನಿ, ಅಭಿಧಮನಿಗಳು ಒತ್ತೊತ್ತಾಗಿದ್ದು, ತಣ್ಣಗಾಗಿ ಮರಳುವ ರಕ್ತವನ್ನು ಪಾದಕ್ಕೆ ಇಳಿಯುವ ಬಿಸಿ ರಕ್ತ ಕಾಯಿಸುತ್ತದೆ ಎಂಬುದನ್ನು ಜಪಾನಿನ ಸಂಶೋಧಕರು 2011ರಲ್ಲಿ ವಿವರಿಸಿದರು.

ತಳಿಯಿಂದ ತಳಿಗೆ ಚಳಿ ತಡೆಯುವ ಶಕ್ತಿ ಬೇರೆ. ಸೈಬೀರಿಯನ್ ಹಸ್ಕಿಗೆ ಎರಡು ಪದರದ ದಟ್ಟ ತುಪ್ಪಳವಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ ಇರುವುದು ಗಿಡ್ಡ ಕೂದಲು, ಕೊಬ್ಬಿಲ್ಲದ ತೆಳು ಮೈ. ಹುಟ್ಟಿದ ಹೊಸದರಲ್ಲಿ ಮರಿಗಳಿಗೆ ನಡುಗುವ ಶಕ್ತಿಯೂ ಇರುವುದಿಲ್ಲ. ತಾಯಿಯ ಹೊಟ್ಟೆಯ ಬಿಸುಪೇ ಅವಕ್ಕೆ ಆಸರೆ. ಮುದಿ ಪ್ರಾಣಿಗಳ ಕೀಲುನೋವು ಚಳಿಯಲ್ಲಿ ಹೆಚ್ಚುತ್ತದೆ.

ಲಕ್ಷಣ ಮತ್ತು ಪ್ರಥಮ ಚಿಕಿತ್ಸೆ

ನಡುಕ, ಮುದುರಿಕೊಳ್ಳುವುದು, ಪಾದವನ್ನು ಮತ್ತೆ ಮತ್ತೆ ಎತ್ತುವುದು ಮೊದಲ ಸೂಚನೆಗಳು. ನಡುಗುತ್ತಿದ್ದ ಪ್ರಾಣಿ ಬೆಚ್ಚಗಾಗದೆಯೇ ನಡುಕ ನಿಲ್ಲಿಸಿ ಮಂಕಾದರೆ ಅದು ಚೇತರಿಕೆಯಲ್ಲ, ಮೈ ಸೋತಿರುವ ಗುರುತು. ಒದ್ದೆ ಮೈಯನ್ನು ಒರೆಸಿ, ಕಂಬಳಿ ಹೊದಿಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಎದೆ–ಹೊಟ್ಟೆಯ ಪಕ್ಕದಲ್ಲಿಟ್ಟು, ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಹಿಮ ಬೀಳುವ ನಾಡುಗಳಲ್ಲಿ ಕಿವಿ, ಬಾಲದ ತುದಿ, ಪಾದಗಳು ಹೆಪ್ಪುಗಟ್ಟಿ ಬಿಳಿಚಿಕೊಳ್ಳುವುದುಂಟು. ಆ ಭಾಗಗಳನ್ನು ಉಜ್ಜಬಾರದು. ಉಜ್ಜಿದರೆ ಗಾಯ ಹೆಚ್ಚುತ್ತದೆ.

ಇತರ ಅಪಾಯಗಳು

ವಾಹನಗಳ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ದ್ರವ ಸಿಹಿಯಾಗಿರುತ್ತದೆ. ಅದನ್ನು ನೆಕ್ಕಿದ ಪ್ರಾಣಿಯ ಮೂತ್ರಪಿಂಡಗಳು ಕೆಡುತ್ತವೆ. ಬೆಕ್ಕಿಗೆ ಕೆಲವೇ ಗಂಟೆಗಳೊಳಗೆ ಚಿಕಿತ್ಸೆ ಸಿಗದಿದ್ದರೆ ಜೀವ ಉಳಿಯುವುದು ಕಷ್ಟ. ಮಂಜುಗಡ್ಡೆ ಕರಗಿಸಲು ರಸ್ತೆಗೆ ಎರಚುವ ಉಪ್ಪು ಪಾದಗಳನ್ನು ಸುಡುವುದರಿಂದ ಮನೆಗೆ ಬಂದೊಡನೆ ಪಾದ ತೊಳೆದು ಒರೆಸಬೇಕು. ಬೆಕ್ಕುಗಳು ಬಿಸಿ ಎಂಜಿನ್ ಹುಡುಕಿಕೊಂಡು ಕಾರಿನೊಳಗೆ ಸೇರುವುದರಿಂದ ಹೊರಡುವ ಮುನ್ನ ಬಾನೆಟ್ ತಟ್ಟುವುದು ಒಳ್ಳೆಯದು. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಮನುಷ್ಯರಿಗೂ ಪ್ರಾಣಿಗಳಿಗೂ ಮಾರಕವಾಗುತ್ತದೆ.

ಕಾನೂನು

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ 2017ರ ಕಾಯಿದೆಯಂತೆ, ಉಷ್ಣಾಂಶ 0 ಡಿಗ್ರಿಗಿಂತ ಕೆಳಗಿದ್ದಾಗ ನಾಯಿಯನ್ನು 30 ನಿಮಿಷಕ್ಕಿಂತ ಹೆಚ್ಚು ಹೊತ್ತು ಹೊರಗೆ ಕಟ್ಟಿಹಾಕುವಂತಿಲ್ಲ. ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ, ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಶ್ರಯ ಕೊಡದಿರುವುದು ಅಪರಾಧ.

ಗೂಡು ಮತ್ತು ಹಾಸು

ಗೂಡು ನಾಯಿ ಎದ್ದುನಿಂತು, ತಿರುಗಿ, ಮಲಗುವಷ್ಟಿದ್ದರೆ ಸಾಕು. ತೀರ ದೊಡ್ಡದಾದರೆ ಅದರ ಮೈಬಿಸಿಗೆ ಗೂಡು ಬೆಚ್ಚಗಾಗದು. ನೆಲದಿಂದ ಸ್ವಲ್ಪ ಎತ್ತರದಲ್ಲಿ ಹಲಗೆ, ಗಾಳಿಗೆ ಬೆನ್ನು ಮಾಡಿದ ಬಾಗಿಲು ಇರಬೇಕು. ಬಯಲಿನ ಗೂಡಿಗೆ ಕಂಬಳಿಗಿಂತ ಒಣಹುಲ್ಲು ಮೇಲು, ಏಕೆಂದರೆ ಕಂಬಳಿ ತೇವ ಹೀರಿ ಹಿಡಿದುಕೊಳ್ಳುತ್ತದೆ. ಹುಲ್ಲು ತೇವವಾದರೆ ಬದಲಿಸಬೇಕು.

ಕರ್ನಾಟಕದಲ್ಲಿ ಬೀದರ್, ವಿಜಯಪುರದಂಥ ಕಡೆ ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಬೆಳಗಿನ ಜಾವ ಬೀದಿನಾಯಿಗಳು ಆರಿದ ಬೆಂಕಿಯ ಬೂದಿ ಕೆದರಿ, ಮೂತಿಯನ್ನು ಬಾಲದಡಿ ಹುದುಗಿಸಿ, ಸುರುಳಿಯಾಗಿ ಮಲಗಿರುತ್ತವೆ. ಬಿಸುಪು ಸೋರಿಹೋಗದಂತೆ ಅವು ತಾವೇ ಕಂಡುಕೊಂಡ ಉಪಾಯ ಅದು. ಜಗುಲಿಯ ಮೂಲೆಯಲ್ಲಿ ಎರಡು ಇಟ್ಟಿಗೆಯ ಮೇಲೆ ಹಲಗೆ ಇರಿಸಿ, ಒಣಗಿದ ಗೋಣಿತಟ್ಟು ಹಾಸಿದರೆ ಬೂದಿ ಆರಿದ ಮೇಲೂ ಅವಕ್ಕೆ ಒಂದು ನೆಲೆಯಿರುತ್ತದೆ.