ಓಟದ ತಪ್ಪಲ್ಲ, ಊಟದ ಕೊರತೆ

ಹುಡುಗಿಯರು ಹೆಚ್ಚು ಓದಿದರೆ ಮುಟ್ಟು ಕೆಡುತ್ತದೆ ಎಂದು ಅಮೆರಿಕದ ಬಾಸ್ಟನ್ನಿನ ವೈದ್ಯ ಎಡ್ವರ್ಡ್ ಕ್ಲಾರ್ಕ್ 1873ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮೈನೆರೆಯುವ ವಯಸ್ಸಿನಲ್ಲಿ ದೇಹದ ಶಕ್ತಿ ಗರ್ಭಕೋಶ, ಅಂಡಾಶಯಗಳ ಬೆಳವಣಿಗೆಗೆ ಬೇಕು, ಅದನ್ನು ಮಿದುಳು ಕಸಿದುಕೊಂಡರೆ ಹುಡುಗಿ ರೋಗಿಷ್ಠೆಯಾಗುತ್ತಾಳೆ ಎಂಬುದು ಅವರ ವಾದ. ಪುಸ್ತಕ ಮುದ್ರಣದ ಮೇಲೆ ಮುದ್ರಣ ಕಂಡಿತು. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚಬೇಕೆಂದಿದ್ದವರಿಗೆ ವೈದ್ಯರ ಚೀಟಿಯೇ ಸಿಕ್ಕಂತಾಯಿತು.

ಇದಕ್ಕೆ ನ್ಯೂಯಾರ್ಕಿನ ವೈದ್ಯೆ ಮೇರಿ ಪಟ್ನಮ್ ಜೇಕೋಬಿ ಲೆಕ್ಕ ಹಾಕಿಯೇ ಉತ್ತರ ಕೊಟ್ಟರು. 268 ಮಹಿಳೆಯರಿಂದ ಪ್ರಶ್ನಾವಳಿಗೆ ಉತ್ತರ ತರಿಸಿದರು. ಕೆಲವರ ನಾಡಿ, ಸ್ನಾಯುಬಲ ಅಳೆದರು. ಕ್ಲಾರ್ಕ್ ಪಾಠ ಹೇಳಿದ್ದ ಹಾರ್ವರ್ಡ್ ವಿಶ್ವವಿದ್ಯಾಲಯವೇ 1876ರಲ್ಲಿ ಈ ಪ್ರಬಂಧಕ್ಕೆ ಬಾಯ್ಲ್‌ಸ್ಟನ್ ಬಹುಮಾನ ಕೊಟ್ಟಿತು. ಪೋಷಣೆ ಸರಿಯಾಗಿರುವ ಹೆಂಗಸಿಗೆ ಮುಟ್ಟಿನ ದಿನಗಳಲ್ಲಿ ವಿಶ್ರಾಂತಿ ಅಗತ್ಯವೇನಲ್ಲ ಎಂಬುದು ಜೇಕೋಬಿಯವರ ತೀರ್ಮಾನ. ಪೋಷಣೆಯ ಈ ಷರತ್ತಿಗೆ ಸಲ್ಲಬೇಕಾದ ಗಮನ ಸಲ್ಲಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಅಷ್ಟರಲ್ಲಿ ಹಳೆಯ ಭಯ ಓದಿನಿಂದ ಆಟಕ್ಕೆ ಹಬ್ಬಿತ್ತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನ 800 ಮೀಟರ್ ಓಟದಲ್ಲಿ ಮಹಿಳೆಯರು ಕುಸಿದು ಬಿದ್ದರೆಂದು ಪತ್ರಿಕೆಗಳು ಗುಲ್ಲೆಬ್ಬಿಸಿದವು. ಓಡಿದ 9 ಮಂದಿಯೂ ಗುರಿ ತಲುಪಿದ್ದರು. ಗೆದ್ದ ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆಯನ್ನೂ ಮಾಡಿದ್ದರು. ಆದರೂ ಆ ಓಟ ಒಲಿಂಪಿಕ್ಸ್‌ಗೆ ಮರಳಿದ್ದು 1960ರಲ್ಲಿ.

ಮುಂದೆ ಗಾಳಿ ತಿರುಗಿತು. ಎಳೆಯ ಹುಡುಗಿಯರು ಈಜುಕೊಳ, ಜಿಮ್ನಾಸ್ಟಿಕ್ಸ್ ಅಂಗಣಗಳಲ್ಲಿ ದಿನಕ್ಕೆ ಗಂಟೆಗಟ್ಟಲೆ ದುಡಿಯತೊಡಗಿದರು. ಹಾರ್ವರ್ಡ್‌ನ ರೋಸ್ ಫ್ರಿಶ್ ಮತ್ತು ಸಂಗಡಿಗರು 1981ರಲ್ಲಿ 38 ಕಾಲೇಜು ಈಜುಗಾರ್ತಿಯರು ಮತ್ತು ಓಟಗಾರ್ತಿಯರ ವಿವರ ಪ್ರಕಟಿಸಿದರು. ಮೈನೆರೆಯುವ ಮೊದಲೇ ತರಬೇತಿಗೆ ಇಳಿದವರು ಋತುಮತಿಯರಾದದ್ದು ಸರಾಸರಿ 15.1ನೇ ವಯಸ್ಸಿನಲ್ಲಿ, ಆಮೇಲೆ ಇಳಿದವರು 12.8ರಲ್ಲಿ. ಮೊದಲಿನವರಲ್ಲಿ ಮುಟ್ಟು ಕ್ರಮವಾಗಿದ್ದದ್ದು ಶೇಕಡಾ 17 ಮಂದಿಗೆ ಮಾತ್ರ. ನಿಧಾನವಾಗಿ ಬಲಿಯುವ ತೆಳುಮೈಯ ಹುಡುಗಿಯರೇ ಇಂಥ ಆಟಗಳಲ್ಲಿ ಉಳಿದುಕೊಳ್ಳುತ್ತಾರಲ್ಲವೇ ಎಂಬ ಆಕ್ಷೇಪವೂ ಬಂತು. ಅದರಲ್ಲಿ ಹುರುಳಿಲ್ಲದೆ ಇಲ್ಲ.

ಮುಟ್ಟು ನಿಂತರೆ ಅದು ಕಠಿಣ ಸಾಧನೆಯ ಗುರುತು, ತಿಂಗಳ ಕಿರಿಕಿರಿಯೂ ತಪ್ಪಿತು ಎಂದು ನಂಬುವವರು ಹುಟ್ಟಿಕೊಂಡರು. ಹಿಂದೆ ಭಯ ಅತಿಯಾದಂತೆ ಈಗ ಉದಾಸೀನ ಅತಿಯಾಯಿತು. ಅದಕ್ಕೆ ಪೆಟ್ಟು ಬಿದ್ದದ್ದು 1984ರಲ್ಲಿ. ಬಾರ್ಬರಾ ಡ್ರಿಂಕ್‌ವಾಟರ್ ಮತ್ತು ಸಂಗಡಿಗರು ಮುಟ್ಟು ನಿಂತಿದ್ದ 14 ಕ್ರೀಡಾಪಟುಗಳ ಬೆನ್ನೆಲುಬನ್ನು ಪರೀಕ್ಷಿಸಿದರು. ಅವರ ಸರಾಸರಿ ವಯಸ್ಸು 25ರ ಆಸುಪಾಸು. ಮೂಳೆಯ ಸಾಂದ್ರತೆ ಮಾತ್ರ 51ರ ಹೆಂಗಸಿನದು! ಅಂಡಾಶಯ ಸುಮ್ಮನಾದರೆ ಈಸ್ಟ್ರೋಜನ್ ಇಳಿಯುತ್ತದೆ, ಅದರೊಂದಿಗೆ ಮೂಳೆಯೂ ಸವೆಯುತ್ತದೆ.

ದೋಷ ವ್ಯಾಯಾಮದ್ದೇ? 1998ರಲ್ಲಿ ಆ್ಯನ್ ಲೌಕ್ಸ್ ಅವರ ಪ್ರಯೋಗ ಇದನ್ನು ಬಿಡಿಸಿತು. ವ್ಯಾಯಾಮಕ್ಕೆ ಖರ್ಚಾದಷ್ಟನ್ನು ಊಟದಿಂದ ತುಂಬಿಸಿದಾಗ, ಅಂಡಾಶಯವನ್ನು ಎಚ್ಚರಿಸುವ ಹಾರ್ಮೋನಿನ ಲಯ ಬಹುಮಟ್ಟಿಗೆ ಉಳಿಯಿತು; ತುಂಬಿಸದಿದ್ದಾಗ ನಿಧಾನವಾಯಿತು. ಸಾಕಷ್ಟು ಇಂಧನವಿಲ್ಲದ ದೇಹ ಉಸಿರಾಟ, ಹೃದಯಬಡಿತಗಳನ್ನು ಕಾಪಾಡಿಕೊಂಡು ಸಂತಾನದ ಕೆಲಸವನ್ನು ಮುಂದೂಡುತ್ತದೆ. ಜೇಕೋಬಿಯವರ ಷರತ್ತಿಗೆ ಹೀಗೆ ಪ್ರಯೋಗಶಾಲೆಯ ಪುರಾವೆ ಸಿಕ್ಕಿತು.

ಹದಿವಯಸ್ಸಿನಲ್ಲಿ ತೊಡಕು ಇನ್ನೊಂದಿದೆ. ಮೈನೆರೆದ ಮೊದಲ ಕೆಲವು ವರ್ಷ ಆಟವಾಡದ ಹುಡುಗಿಯರಲ್ಲೂ ಮುಟ್ಟು ಏರುಪೇರಾಗುತ್ತದೆ. 21ರಿಂದ 45 ದಿನಗಳ ಅಂತರ ಸಹಜವೇ. ಹಾಗೆಂದು ‘ವಯಸ್ಸಿನ ಸಹಜ’ವೆಂದು ಎಲ್ಲವನ್ನೂ ತಳ್ಳಿಹಾಕುವಂತಿಲ್ಲ. 15 ತುಂಬಿದರೂ ಮೈನೆರೆಯದಿದ್ದರೆ, ಅಥವಾ 90 ದಿನ ಕಳೆದರೂ ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಡ್ರಿಂಕ್‌ವಾಟರ್ ತಂಡ ಅದೇ ಕ್ರೀಡಾಪಟುಗಳಲ್ಲಿ ಕೆಲವರನ್ನು ಮತ್ತೆ ಪರೀಕ್ಷಿಸಿ 1986ರಲ್ಲಿ ವರದಿ ಮಾಡಿತು. ಮುಟ್ಟು ಮರಳಿದವರ ಮೂಳೆ ಚೇತರಿಸಿಕೊಂಡಿತ್ತು, ಆದರೆ ಮುಟ್ಟು ತಪ್ಪದ ಓರಗೆಯವರ ಮಟ್ಟಕ್ಕೆ ಬಂದಿರಲಿಲ್ಲ.