ಹಳೇ ಫೋಟೋ ಕಥೆ, ಭಾಗ 4: 50 ರೂಪಾಯಿ ನೋಟಿನಲ್ಲಿ ಇಲ್ಲದ ಗೋಪುರ

1/5
ಜೇಬಲ್ಲಿ ಹೊಸ 50 ರೂಪಾಯಿ ನೋಟಿದ್ಯಾ? ತಿರುಗಿಸಿ ನೋಡಿ. ಹಂಪಿಯ ಕಲ್ಲಿನ ರಥ. ಸ್ಕೂಲ್ ಟ್ರಿಪ್‌ಗೆ ಹೋದಾಗ ನಮ್ಮಲ್ಲಿ ಎಷ್ಟೋ ಜನ ಅದರ ಮುಂದೆ ಫೋಟೋ ತೆಗೆಸ್ಕೊಂಡಿದ್ದೀವಿ. ಅದು ಮೊದಲಿಂದ ಹೀಗೇ ಇತ್ತು ಅಂತ ನಾನೂ ಅಂದ್ಕೊಂಡಿದ್ದೆ. ಇರಲಿಲ್ಲ.

2/5
1856. ಅಲೆಕ್ಸಾಂಡರ್ ಗ್ರೀನ್ಲಾ ಅನ್ನೋ ಮದ್ರಾಸ್ ಸೈನ್ಯದ ಅಧಿಕಾರಿ ಹಂಪಿಯಲ್ಲಿ ಫೋಟೋ ತೆಗೆದರು. ಪ್ಯಾರಿಸ್‌ನಲ್ಲಿ ಡಗೇರ್ ಕಂಡುಹಿಡಿದ ವಿಧಾನ ಜಗತ್ತಿಗೆ ಗೊತ್ತಾಗಿದ್ದು 1839ರ ಆಗಸ್ಟ್ 19ಕ್ಕೆ. ಅಂದ್ರೆ ಆಗಿನ್ನೂ 17 ವರ್ಷ. ಫಿಲ್ಮ್ ರೋಲ್ ಇಲ್ಲ. ಮೇಣ ಹಿಡಿಸಿದ ಕಾಗದವೇ ನೆಗೆಟಿವ್. ಚಿತ್ರ ಮೂಡೋಕೆ ನಿಮಿಷಗಟ್ಟಲೆ ಬೆಳಕು ಬೇಕು. ಎದುರಿಗೆ ಯಾರಾದ್ರೂ ನಡೆದು ಹೋದ್ರೆ ಗುರುತೇ ಬೀಳಲ್ಲ. ಅಲ್ಲಾಡದೆ ನಿಂತಿದ್ದು ಮಾತ್ರ ಉಳಿಯುತ್ತೆ.

3/5
ಆ ಫೋಟೋದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ! ಅಸಲಿಗೆ ಅದು ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ಗುಡಿ ಅಂದ್ಮೇಲೆ ಶಿಖರ ಇರಲೇಬೇಕಲ್ವಾ? ಆಮೇಲೆ ಅದು ಹೋಯ್ತು. 2017ರಲ್ಲಿ ನೋಟು ಬಂದಾಗ ಅದರಲ್ಲೂ ಗೋಪುರ ಇಲ್ಲ. ಕೋಟಿಗಟ್ಟಲೆ ಜನರ ಕೈಲಿ ಓಡಾಡೋ ಚಿತ್ರ ಅರ್ಧ ಕಥೆ ಹೇಳುತ್ತೆ, ಒಂದು ಹಳೇ ಕಾಗದ ಪೂರ್ತಿ ಹೇಳುತ್ತೆ.

4/5
1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್, ಗ್ರೀನ್ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ರೆ ಏನು ಉಳೀತು, ಏನು ಹೋಯ್ತು ಅಂತ ಲೆಕ್ಕ ಸಿಗುತ್ತೆ. ನಾವು ಬಿಕಾಂನವರು ಹೇಳೋದಾದ್ರೆ ಇದು ಓಪನಿಂಗ್ ಬ್ಯಾಲೆನ್ಸ್, ಕ್ಲೋಸಿಂಗ್ ಬ್ಯಾಲೆನ್ಸ್ ಇದ್ದ ಹಾಗೆ. ಮೊದಲನೇದು ಇಲ್ಲದಿದ್ರೆ ನಷ್ಟ ಆಗಿದ್ದೇ ಗೊತ್ತಾಗಲ್ಲ.

5/5
ಈಗ ನಮ್ಮನೆ ವಿಷಯ. ನಮ್ಮ ತಾತ ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಮಾಡ್ತಿದ್ರು. ಕುದಿಯೋ ನೀರಲ್ಲಿ ಗೂಡು ಬಿಡಿಸಿ ಬಿಡಿಸಿ ಬೆರಳೆಲ್ಲ ಬಿಳಚಿ ಹೋಗಿತ್ತು. ಅವರದ್ದು ಇರೋದು ಒಂದೇ ಫೋಟೋ, ಮದುವೆ ಗುಂಪಿನದ್ದು. ಹಿಂದಿನ ಸಾಲಲ್ಲಿ ಮುಖ ಮಾತ್ರ ಕಾಣುತ್ತೆ. ಆ ಕೈ ಕಾಣಲ್ಲ. ಚರಕ ಇದ್ದ ಶೆಡ್ ಹೋದ ವರ್ಷ ಒಡೆದ್ರು. ನನ್ನ ಫೋನಲ್ಲಿ ನಂದಿಬೆಟ್ಟದ ಸೂರ್ಯೋದಯ ನೂರಾರಿದೆ, ಆ ಶೆಡ್ಡಿನದು ಒಂದೂ ಇಲ್ಲ. ನನ್ನ ತಮ್ಮ ಆಗಲೇ "ಅಲ್ಲಿ ಯಾವಾಗ್ಲೂ ಅಂಗಡೀನೇ ಇತ್ತಲ್ವಾ" ಅಂತಾನೆ.

ಅದಕ್ಕೇ ಕೇಳ್ಕೋತೀನಿ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ನೀವು ಎಲ್ಲೇ ಇರಿ, ಈ ಭಾನುವಾರ ಅಜ್ಜಿ ಕೆಲಸ ಮಾಡ್ತಿರೋವಾಗ ಒಂದು ಫೋಟೋ ತೆಗೀರಿ. ಫಿಲ್ಟರ್ ಬೇಡ. ಹೆಸರು, ಊರು, ತಾರೀಖು ಬರೆದಿಡಿ. ಗ್ರೀನ್ಲಾ ಫೋಟೋ ಇವತ್ತು ಸಾಕ್ಷಿ ಆಗಿರೋದು ಎಲ್ಲಿ, ಯಾವಾಗ ಅಂತ ಗೊತ್ತಿರೋದ್ರಿಂದ.

ತೆಗೆದ್ರೆ ನನ್ನನ್ನ ಟ್ಯಾಗ್ ಮಾಡಿ.

#ಹಳೇಫೋಟೋಕಥೆ #ಹಂಪಿ #ಶಿಡ್ಲಘಟ್ಟ